ಮೆಡೋವೇಲಿನಲ್ಲಿ ಒಂಬತ್ತು ಪ್ರದಕ್ಷಿಣೆ

ಕೆನಡಾಕ್ಕೆ ಹೋಗಿಬಂದೆ ಎಂದು ತಿಳಿದ ಕೂಡಲೇ ಧಾರವಾಡದ ಜನ ಕೇಳುವುದು ಜಲಪಾತದ ಬಗ್ಗೆ. ನೋಡಿದ್ದೇನೆ. ನೀರು ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ನೋಡುವವರು ತೊಯ್ಯುತ್ತಾರೆ. ಅದನ್ನು ಬಣ್ಣಿಸುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಟೊರಾಂಟೊ ಪಕ್ಕದ ಮೆಡೋವೇಲಿನ ಒಂದು ಆಫೀಸಿನ ಕತೆ. ಅಲ್ಲಿ ಮೀಸೆ ಬಂದ ಗಂಡಸರು ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಆಟ ಆಡುತ್ತಿದ್ದರು, ಮತ್ತು ಒಬ್ಬನ ಮುಖದಲ್ಲೂ ನಗುವಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಸರಕಾರಿ ಬಸ್ಸುಗಳ ಚೆಕಿಂಗ್ ಇನ್ಸ್‌ಪೆಕ್ಟರ್. ದಾರಿಯಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಬಾಗಿಲಿನಿಂದ ಹತ್ತಿ, ಟಿಕೇಟಿಲ್ಲದವರನ್ನು ಹಿಡಿಯುವುದು ನನ್ನ ಕೆಲಸ. ಈ ಕೆಲಸದಲ್ಲಿ ಸ್ನೇಹಿತರು ಆಗುವುದಿಲ್ಲ, ಆದರೆ ರಜೆ ಬಹಳ ಉಳಿಯುತ್ತದೆ. ಆ ರಜೆಯನ್ನೆಲ್ಲ ಒಟ್ಟುಗೂಡಿಸಿ ತಂಗಿಯ ಮನೆಗೆ ಹೊರಟೆ.

ತಂಗಿ ಶೈಲಜಾ, ಮನೆಯವರಿಗೆಲ್ಲ ಶೈಲಾ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದವಳು. ಗಂಡ ಶ್ರೀನಿವಾಸ ಕುಲಕರ್ಣಿಯ ಜೊತೆ ಅಲ್ಲಿಗೆ ಹೋಗಿ ಎಂಟು ವರ್ಷವಾಗಿತ್ತು. ಟೀವಿಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ ಇರುತ್ತದಲ್ಲ, ಅದಕ್ಕೆ ಆಟ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಅವಳಿಗೆ ನೌಕರಿ. ನಮ್ಮ ಮನೆಯಲ್ಲಿ ಇದನ್ನು ಯಾರೂ ಸರಿಯಾಗಿ ನಂಬಿರಲಿಲ್ಲ. ಹೊರಡುವ ಮುಂಚೆ ನಮ್ಮವ್ವ ನನಗೆ ಎರಡು ಆಜ್ಞೆ ಕೊಟ್ಟಳು.

"ಅಕಿ ಅಲ್ಲಿ ಏನ ಮಾಡ್ತಾಳ ಅಂತ ಖರೇ ನೋಡಿಕೊಂಡು ಬಾ. ಎಂಜಿನಿಯರ ಆದಾಕಿ ಆಟ ಆಡ್ಕೋತ ಕೂತಾಳ ಅಂದ್ರ ಮಂದಿಗೆ ಹ್ಯಾಂಗ ಹೇಳೂದು?" ಇದು ಮೊದಲನೆಯದು.

ಎರಡನೆಯದು ಇನ್ನೂ ಗಟ್ಟಿ. ಆಟ ಪೂರ್ತಿ ಗೆದ್ದ ಮೇಲೆ ಅದನ್ನು ಮಾಡಿದವರ ಹೆಸರು ಟೀವಿಯಲ್ಲಿ ಬರುತ್ತದೆಂದೂ, ಈ ಸಲ ತನ್ನ ಹೆಸರೂ ಬರಲಿದೆಯೆಂದೂ ಶೈಲಾ ಪತ್ರ ಬರೆದಿದ್ದಳು. "ಪೂರಾ ಹೆಸರು ಹಾಕ್ಸು. ಗಂಡನ ಹೆಸರು, ಅಡ್ಡಹೆಸರು ಎರಡೂ ಇರಬೇಕು. ಬಿಟ್ರ ಬೀಗರು ಏನ ಅಂದಾರು? ಫೋಟೋ ಹೊಡಕೊಂಡು ಬಾ, ಬಾಯಿಮಾತು ಬ್ಯಾಡ," ಎಂದಳು. ನನಗೆ ಚೆಕಿಂಗ್ ಗುಣ ಯಾರಿಂದ ಬಂತೆಂದು ನೀವು ಕೇಳಬೇಕಾಗಿಲ್ಲ.

ರೆಕ್ಸ್‌ಡೇಲಿನ ಬಸ್ಸು

ಹೋದ ಮೂರನೆಯ ದಿನ ಶ್ರೀನಿವಾಸರಾಯರು ತಮ್ಮ ಫ್ಯಾಕ್ಟರಿ ತೋರಿಸಲು ನನ್ನನ್ನು ರೆಕ್ಸ್‌ಡೇಲಿಗೆ ಕರೆದೊಯ್ದರು. ಅಲ್ಲಿ ಅವರು ಪ್ಲಾಸ್ಟಿಕ್ ಬಕೆಟ್ಟು ಮಾಡುವ ಮಷೀನಿನ ಉಸ್ತುವಾರಿ. ಕಾರು ಗ್ಯಾರೇಜಿನಲ್ಲಿದ್ದುದರಿಂದ ಬಸ್ಸಿನಲ್ಲಿ ಹೋದೆವು. ಆ ಬಸ್ಸಿನಲ್ಲಿ ಕಂಡಕ್ಟರನೇ ಇರಲಿಲ್ಲ. ಜನ ತಾವಾಗಿ ಡ್ರೈವರನ ಪಕ್ಕದ ಡಬ್ಬಿಗೆ ಚಿಲ್ಲರೆ ಹಾಕಿ, ಬಸ್ಸು ಬದಲಿಸಲು ಒಂದು ಚೀಟಿ ಹರಿದುಕೊಂಡು, ಮಾತಿಲ್ಲದೆ ಹೋಗಿ ಕೂರುತ್ತಿದ್ದರು. ಸೀಟಿಗಾಗಿ ಟವೆಲ್ಲು ಎಸೆಯುವವರಿಲ್ಲ, ಕಿಟಕಿಯಿಂದ ಮಕ್ಕಳನ್ನು ಒಳಗೆ ತೂರಿಸುವವರಿಲ್ಲ. ಹೀಗಾದರೆ ನನ್ನಂಥವರ ಹೊಟ್ಟೆಪಾಡೇನು ಎಂದು ಯೋಚಿಸುತ್ತಲೇ ನಿದ್ದೆ ಹತ್ತಿತು. ನಮ್ಮ ರಾತ್ರಿ ಅವರ ಹಗಲಾಗಿ ಇನ್ನೂ ಮೂರೇ ದಿನ.

ಬಸ್ಸು ಗಕ್ಕನೆ ನಿಂತಿತು. ನಾನು ಧಡಕ್ಕನೆ ಎದ್ದು ನಿಂತು, ಎದುರು ಕೂತಿದ್ದ ವಯಸ್ಸಾದ ಸರ್ದಾರ್ಜಿಯ ಮುಂದೆ ಕೈಚಾಚಿ, "ಟಿಕೇಟ್!" ಎಂದೆ.

ಇಪ್ಪತ್ತೈದು ವರ್ಷದ ಧ್ವನಿ, ಅದಕ್ಕೊಂದು ಗತ್ತು ಇರುತ್ತದೆ. ಪಾಪ, ಆತ ಗಾಬರಿಯಾಗಿ ಎರಡೂ ಜೇಬು ತಡಕಾಡಿ ಒಂದು ಚೀಟಿ ಕೊಟ್ಟ. ಕೊಟ್ಟ ಮೇಲೆ ನೋಡದೆ ಹೇಗಿರಲಿ? ಅದರ ವೇಳೆ ಮುಗಿದು ಎರಡು ತಾಸಾಗಿತ್ತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

"ಮಾಫ್ ಕರನಾ ಜೀ," ಎಂದ.

"ಆಗೇ ಸೇ ಧ್ಯಾನ್ ರಖನಾ," ಎಂದು ನನ್ನ ಹುಬ್ಬಳ್ಳಿ ಹಿಂದಿಯಲ್ಲಿ ಎಚ್ಚರಿಕೆ ಕೊಟ್ಟು ಚೀಟಿ ವಾಪಸ್ಸು ಮಾಡಿದೆ. ಶ್ರೀನಿವಾಸರಾಯರು ಇಳಿಯುವ ಸ್ಟಾಪು ಬರುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು.

ಫ್ಯಾಕ್ಟರಿಯಲ್ಲಿ ಊಟದ ವೇಳೆ. ಎಲ್ಲ ದೇಶದ ಜನ ಬಂದು ಶ್ರೀನಿವಾಸರಾಯರ ಬೆನ್ನು ತಟ್ಟಿ, ನನ್ನ ಕೈ ಕುಲುಕಿ, ಟೀವಿ ಸ್ಟಾರಿನ ಸಂಬಂಧಿಕ ನೀವೇನಾ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ.

"ನನ್ನ ಹೆಸರು ಟೀವಿಯೊಳಗ ಬರ್ತದ ಅಂತ ಎಲ್ಲಾರಿಗೂ ಹೇಳಿಬಿಟ್ಟೇನ್ರಿ ಅಣ್ಣಾವ್ರ," ಎಂದರು ರಾಯರು, ರೊಟ್ಟಿ ಮುರಿಯುತ್ತ.

"ಆಟ ಬರದಾಕಿ ಶೈಲಾ ಅಲ್ಲೇನ್ರಿ?"

"ಹೌದ್ರಿ. ಆದ್ರ ಹೆಸರಿನ ನಟ್ಟನಡುವ ನಾನ ಕೂತಿರ್ತೀನಲ್ರೀ."

ಅದೂ ನಿಜವೇ. ಶೈಲಜಾ ಶ್ರೀನಿವಾಸ ಕುಲಕರ್ಣಿ. ನಮ್ಮ ಕಡೆ ಹೆಂಗಸಿನ ಹೆಸರೆಂದರೆ ಹಾಗೇ.

ಆಫೀಸಿನ ಬೆಕ್ಕು ಮತ್ತು ಭಟ

ಹಗಲೆಲ್ಲ ಮನೆಯಲ್ಲಿ ಒಬ್ಬನೇ ಕೂತು ನಾನು ಪಕ್ಕದ ಮನೆಯವರ ಕಸದ ಡಬ್ಬಿಗಳನ್ನು ಎಣಿಸತೊಡಗಿದ ಮೇಲೆ ಶೈಲಾ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದಳು. ಅವಳ ಮ್ಯಾನೇಜರ್ ಡಗ್ ಎಂಬ ಆರಡಿಯ ಆಳು, ಆಫೀಸಿಗೆ ಚಡ್ಡಿಯಲ್ಲಿ ಬರುತ್ತಿದ್ದ. ಆಟ ಆಡಿ ತಪ್ಪು ಹುಡುಕುವ ಒಬ್ಬ ಕೆಲಸ ಬಿಟ್ಟು ಹೋಗಿದ್ದ. ನಾನು ಇಪ್ಪತ್ತೈದು ವರ್ಷ ತಪ್ಪು ಹುಡುಕಿದವನೆಂದು ತಿಳಿದು ಡಗ್ ಆ ಕುರ್ಚಿಯನ್ನು ನನಗೇ ಕೊಟ್ಟ. ಸಂಬಳವಿಲ್ಲ, ಕಾಫಿ ಎಷ್ಟು ಬೇಕಾದರೂ ಕುಡಿಯಬಹುದು.

ಆಟದಲ್ಲಿ ಒಬ್ಬ ವೀರ. ಅವನು ಊರೂರು ತಿರುಗಿ, ಬಾವಿ, ಸಂತೆ, ಗುಡಿಗಳನ್ನು ದಾಟಿ, ಕೊನೆಗೆ ಒಬ್ಬ ರಾಕ್ಷಸನನ್ನು ಕೊಲ್ಲಬೇಕು. ಇದನ್ನೆಲ್ಲ ಒಂದು ಪ್ಲಾಸ್ಟಿಕ್ ಕ್ಯಾಸೆಟ್ಟಿನೊಳಗಿನ ಚಿಪ್ಪಿನಲ್ಲಿ ತುಂಬಬೇಕು. ಶೈಲಾ ನನಗೆ ತಿಳಿಯುವ ಹಾಗೆ ಹೇಳಿದಳು: "ಚಿಪ್ಪಿನೊಳಗ ಇಷ್ಟ ಮನಿ ಅಂತ ಇರ್ತಾವಣ್ಣಾ, ಪಗಡಿ ಹಾಸಿನಂಗ. ಒಂದ ಅಕ್ಷರಕ್ಕ ಒಂದ ಮನಿ. ದೊಡ್ಡ ಚಿಪ್ಪು ತುಟ್ಟಿ ಆಗ್ತದ ಅಂತ ನಮಗ ಸಣ್ಣದು ಕೊಟ್ಟಾರ. ಈಗ ಎಲ್ಲಾ ಮನಿ ಫುಲ್ಲು."

ಜಾಗ ಉಳಿಸಲು ಅವರು ಪಡುವ ಪಾಡು ನೋಡಿ ನನಗೆ ನಮ್ಮ ನಾಟಕ ಕಂಪನಿಗಳು ನೆನಪಾದವು. ಅಲ್ಲಿ ಕಾಡಿನ ಪರದೆಯೇ ಅರಮನೆಯ ತೋಟವಾಗುತ್ತದೆ, ಮೊದಲ ಅಂಕದಲ್ಲಿ ಸತ್ತ ಮಂತ್ರಿ ಮೂರನೇ ಅಂಕದಲ್ಲಿ ಪೊಲೀಸಾಗಿ ಬರುತ್ತಾನೆ. ಇಲ್ಲೂ ಹಾಗೆ. ಗಿಡ ಬರೆಯುವುದು ಅರ್ಧವೇ, ಉಳಿದರ್ಧ ಅದನ್ನೇ ಕನ್ನಡಿಯಂತೆ ಮಗುಚಿ ತೋರಿಸುವುದು. ರಾಕ್ಷಸನ ಕಾಲು ನಾಯಕನದೇ, ಬಣ್ಣ ಬೇರೆ. ಗುಡಿಯ ಗಂಟೆಯ ಸದ್ದನ್ನೇ ಜೋರಾಗಿ ಓಡಿಸಿದರೆ ಕತ್ತಿಯ ಸದ್ದು, ಅದು ಸಂಗೀತ ಮಾಡುವ ಮೈಕ್‌ನ ಉಪಾಯ. ಚಿತ್ರ ಬರೆಯುವ ಲಿನ್ ಎಂಬ ಹುಡುಗಿ ಥಾರ್ನ್‌ಹಿಲ್‌ನಿಂದ ಬರುತ್ತಿದ್ದಳು. ಒಂದು ಬೆಕ್ಕಿಗೆ ಮೀಸೆ ಬಿಡಿಸಲು ಜಾಗವಿಲ್ಲವೆಂದು ಅವಳು ಶೈಲಾಳೊಡನೆ ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟಿದ್ದಳಂತೆ.

ತಪ್ಪು ಕಂಡರೆ ಒಂದು ಚೀಟಿಯಲ್ಲಿ ಬರೆದು ಡಗ್‌ನ ಬುಟ್ಟಿಗೆ ಹಾಕಬೇಕು. ಇಂಥ ವ್ಯವಸ್ಥೆ ಇರುವ ದೇಶದ ಮೇಲೆ ನನಗೆ ಗೌರವ ಮೂಡಿತು. ಮೊದಲ ದಿನವೇ ಹದಿನಾಲ್ಕು ಚೀಟಿ ಬರೆದೆ. ನಾಯಕ ಟಿಕೇಟಿಲ್ಲದೆ ದೋಣಿ ಹತ್ತುತ್ತಾನೆ. ಕಂಡವರ ಮನೆಯ ಗಡಿಗೆ ಒಡೆದು ಚಿನ್ನ ತೆಗೆದುಕೊಳ್ಳುತ್ತಾನೆ, ಯಾರೂ ಕೇಳುವುದಿಲ್ಲ. ಕಾವಲು ಭಟ ಬೆಳಗಿನಿಂದ ಒಂದೇ ಜಾಗದಲ್ಲಿ ನಿಂತಿದ್ದಾನೆ, ಅವನಿಗೆ ಡ್ಯೂಟಿ ಬದಲಿ ಇಲ್ಲ. ಡಗ್ ಇವನ್ನೆಲ್ಲ ಓದಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಗೋಡೆಗೆ ಅಂಟಿಸಿದ. ಒಂದನ್ನೂ ತಿದ್ದಲಿಲ್ಲ. ಎರಡು ವಾರ ಹುಡುಕಿದರೂ ಅವರಿಗೆ ಬೇಕಾದಂಥ ಒಂದು ತಪ್ಪೂ ನನಗೆ ಸಿಗಲಿಲ್ಲ.

ಆದರೆ ಆ ಎರಡು ವಾರ ನಾನು ಶೈಲಾಳನ್ನು ನೋಡಿದೆ. ಆಟದ ಚಲನೆಯೆಲ್ಲ, ಯಾವ ಗುಂಡಿ ಒತ್ತಿದರೆ ಏನಾಗಬೇಕೆಂಬ ಪ್ರತಿ ಸಾಲೂ ಅವಳೊಬ್ಬಳೇ ಬರೆದದ್ದು. ಬೆಳಗ್ಗೆ ಕೂತರೆ ಮಧ್ಯಾಹ್ನ ಏಳುತ್ತಿದ್ದಳು. ಕೈಯಲ್ಲಿ ಪೆನ್ಸಿಲ್ಲು, ಎದುರು ಅಂಕಿಗಳ ಸಾಲು, ಒಂದು ಮನೆ ಉಳಿಸಿದರೆ ಅಂಗಡಿಯಲ್ಲಿ ಚೌಕಾಸಿ ಗೆದ್ದವಳ ಹಾಗೆ ತನ್ನಷ್ಟಕ್ಕೆ ನಗುತ್ತಿದ್ದಳು. ಇವಳು ಆಟ ಆಡುತ್ತಾಳೆಂದು ಮನೆಯಲ್ಲಿ ನಾವೆಲ್ಲ ನಕ್ಕದ್ದು ನೆನೆದು ನನಗೆ ನಾಚಿಕೆಯಾಯಿತು.

ಗುರುವಾರ

ಮರುದಿನ ಆಟವನ್ನು ಪೆಟ್ಟಿಗೆ ತಯಾರಿಸುವ ದೊಡ್ಡ ಕಂಪನಿಗೆ ಒಪ್ಪಿಗೆಗಾಗಿ ಕಳಿಸಬೇಕಿತ್ತು. ಅವರು ಒಪ್ಪಿದರೆ ಕ್ಯಾಸೆಟ್ಟುಗಳು ತಯಾರಾಗುತ್ತವೆ, ಆಮೇಲೆ ಒಂದಕ್ಷರ ತಿದ್ದಲೂ ದಾರಿಯಿಲ್ಲ. ಒಪ್ಪದಿದ್ದರೆ ಕ್ರಿಸ್‌ಮಸ್ ಹಬ್ಬದ ಮಾರಾಟ ತಪ್ಪುತ್ತದೆ, ಅದು ತಪ್ಪಿದರೆ ಕಂಪನಿ ಉಳಿಯುವುದು ಕಷ್ಟ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ನನಗೆ ಮಾತ್ರ ಬೇಸರ. ಧಾರವಾಡದಲ್ಲಾಗಿದ್ದರೆ ಗುರುವಾರ ಮಠಕ್ಕೆ ಹೋಗಿ ಹನ್ನೊಂದು ಪ್ರದಕ್ಷಿಣೆ ಹಾಕಿ ಡ್ಯೂಟಿಗೆ ಹೋಗುವವನು ನಾನು. ಇಲ್ಲಿಗೆ ಬಂದು ಮೂರು ಗುರುವಾರ ಖಾಲಿ ಹೋಗಿದ್ದವು.

ಆಟದಲ್ಲಿ ನಾಯಕ ಗುಡಿಯ ಮುಂದೆ ನಿಂತಿದ್ದ. ಲಿನ್ ಬರೆದ ಗುಡಿ. ಅವಳು ನಮ್ಮ ಗುಡಿಯನ್ನು ಕಂಡವಳಲ್ಲ, ಆದರೂ ಸುತ್ತ ಓಡಾಡಲು ಜಾಗ ಬಿಟ್ಟಿದ್ದಳು. ನನಗೇ ತಿಳಿಯದ ಹಾಗೆ ನನ್ನ ಬೆರಳು ನಾಯಕನನ್ನು ಎಡಗಡೆಯಿಂದ ಗುಡಿಯ ಹಿಂದಕ್ಕೆ ನಡೆಸಿ ಬಲಗಡೆಯಿಂದ ಹೊರತಂದಿತು. ಒಂದು. ಇನ್ನೊಂದು ಸುತ್ತು. ಎರಡು. ಮನಸ್ಸಿಗೆ ಹಾಯೆನಿಸಿತು. ತುಟಿ ತಾನಾಗಿ ಸ್ತೋತ್ರ ಹೇಳತೊಡಗಿತು. ಒಂಬತ್ತನೆಯ ಸುತ್ತಿನಲ್ಲಿ ನಾಯಕ ಗುಡಿಯ ಹಿಂದೆ ಹೋದ, ಹೊರಗೆ ಬರಲಿಲ್ಲ. ಹಾಡು ಒಂದೇ ಸ್ವರಕ್ಕೆ ಅಂಟಿಕೊಂಡು ಗುಂಯ್ ಎಂದಿತು. ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ಮಷೀನು ಕೆಡಿಸಿಬಿಟ್ಟೆನಲ್ಲ ಎಂದುಕೊಂಡೆ. ಸುತ್ತ ನೋಡಿದೆ, ಯಾರೂ ನೋಡುತ್ತಿರಲಿಲ್ಲ. ಮೆಲ್ಲಗೆ ಸ್ವಿಚ್ಚು ಆರಿಸಿ ಮತ್ತೆ ಹಚ್ಚಿದೆ. ಎಲ್ಲ ಸರಿಯಾಗಿ ನಡೆಯಿತು. ಆಯಿತಲ್ಲ, ಬಾಯಿ ಮುಚ್ಚಿಕೊಂಡು ಕೂರೋಣ ಎಂದುಕೊಂಡೆ. ಡಬ್ಬಿ ತೆಗೆದು ಅವಲಕ್ಕಿ ತಿನ್ನಲು ಕೂತವನು ಎರಡು ತುತ್ತಿಗೇ ಡಬ್ಬಿ ಮುಚ್ಚಿದೆ. ತಪ್ಪು ಮುಚ್ಚಿಟ್ಟ ಎಷ್ಟು ಕಂಡಕ್ಟರುಗಳ ಮೇಲೆ ನಾನು ವರದಿ ಬರೆದಿಲ್ಲ? ಕಳ್ಳನ ಹೆಂಡತಿ ಯಾವತ್ತಿದ್ದರೂ ಮುಂಡೆ ಎಂದು ಅವರಿಗೆ ಬುದ್ಧಿ ಹೇಳಿದವನೂ ನಾನೇ. ಚೀಟಿ ತೆಗೆದು ಬರೆದೆ: ಗುಡಿಯ ಒಂಬತ್ತನೇ ಪ್ರದಕ್ಷಿಣೆಯಲ್ಲಿ ನಾಯಕ ಹಿಂದುಗಡೆ ನಿಂತುಬಿಟ್ಟ.

ಡಗ್ ಓದಿ ನಕ್ಕ. ಒಂದು ಗುಡಿಯನ್ನು ಒಂಬತ್ತು ಸಲ ಯಾರು ಸುತ್ತುತ್ತಾರೆ ಎಂದ. ನಮ್ಮಲ್ಲಿ ನೂರೆಂಟು ಸುತ್ತುವವರೂ ಇದ್ದಾರೆ ಎಂದೆ. ಆದರೆ ಚೀಟಿ ಶೈಲಾಳ ಕೈಗೆ ಹೋದ ಕೂಡಲೇ ಅವಳ ಮುಖ ಬಿಳಿಚಿತು.

"ಅಣ್ಣಾ, ಎಡಕಿನಿಂದ ಹೋಗಿ ಬಲಕಿನಿಂದ ಬಂದಿಯೇನ? ಪ್ರತೀ ಸಲ?"

"ಪ್ರದಕ್ಷಿಣಿ ಅಂದ್ರ ಮತ್ತ ಹ್ಯಾಂಗ ಮಾಡ್ತಾರವಾ?"

ಅವಳು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದಳು. ನಾಯಕ ಗುಡಿಯ ಹಿಂದೆ ಹೋದಾಗ ಅವನನ್ನು ಮರೆಮಾಡಲು ಯಂತ್ರ ಒಂದು ಪರದೆ ಎತ್ತಿಕೊಳ್ಳುತ್ತದೆ. ಹೋದ ಕಡೆಯಿಂದಲೇ ಬಂದರೆ ಅದನ್ನು ವಾಪಸ್ಸು ಇಡುತ್ತದೆ, ಇನ್ನೊಂದು ಕಡೆಯಿಂದ ಬಂದರೆ ಇಡಲು ಮರೆಯುತ್ತದೆ. ಇದ್ದ ಪರದೆಗಳು ಎಂಟೇ. ಒಂಬತ್ತನೆಯ ಸಲ ಪರದೆ ಸಿಗದೆ ಯಂತ್ರ ನಿಂತಿತು. ಆಫೀಸಿನವರೆಲ್ಲ ಗುಡಿಯ ಹಿಂದೆ ಅಡಗಿಸಿಟ್ಟ ಚಿನ್ನಕ್ಕೆಂದು ಹೋಗಿ, ಅದನ್ನು ಎತ್ತಿಕೊಂಡು ಹೋದ ದಾರಿಯಲ್ಲೇ ಓಡಿಬರುತ್ತಿದ್ದರು. ಮತ್ತೆ ಮತ್ತೆ ಮಷೀನು ಆರಿಸಿ ಹಚ್ಚುತ್ತಿದ್ದುದರಿಂದ ಲೆಕ್ಕ ಎಂಟಕ್ಕೆ ಮುಟ್ಟಲೇ ಇಲ್ಲ. ಆದರೆ ಮನೆಯಲ್ಲಿ ಒಂದು ಮಗು ದಿನವಿಡೀ ಆಡುತ್ತ ಸಂತೆಗೆ ಹೋಗುವಾಗ ಗುಡಿಯ ಹಿಂದಿನಿಂದ ಒಂಬತ್ತು ಸಲ ದಾಟಿದರೂ ಸಾಕು, ಆಟ ನಿಂತುಹೋಗುತ್ತದೆ.

ಡಗ್‌ನ ನಗು ಇಂಗಿತು. ತಿದ್ದಲೇಬೇಕಿತ್ತು.

ಇಪ್ಪತ್ತಾರು ಮನೆ

ತಿದ್ದುವುದು ಹೇಗೆಂದು ಶೈಲಾಳಿಗೆ ಗೊತ್ತಿತ್ತು. ಹೊಸ ಸಾಲುಗಳಿಗೆ ಮೂವತ್ತು ಮನೆ ಬೇಕು. ಚಿಪ್ಪಿನಲ್ಲಿ ಒಂದೂ ಇರಲಿಲ್ಲ. ಚಿತ್ರ ಅಥವಾ ಸಂಗೀತದಲ್ಲಿ ಕೈಯಿಟ್ಟರೆ ಆಟವನ್ನೆಲ್ಲ ಮೊದಲಿನಿಂದ ಪರೀಕ್ಷಿಸಬೇಕು, ಅದಕ್ಕೆ ದಿನಗಳಿಲ್ಲ. ಮುಟ್ಟಿದರೆ ಏನೂ ಕೆಡದ ಜಾಗ ಒಂದೇ, ಕೊನೆಯಲ್ಲಿ ಬರುವ ಹೆಸರುಗಳು. ಅಲ್ಲಿ ಬೇರೆಯವರೆಲ್ಲ ಆಗಲೇ ಡಗ್, ಲಿನ್, ಮೈಕ್ ಎಂದು ಮೂರು ನಾಲ್ಕು ಅಕ್ಷರಕ್ಕೆ ಇಳಿದಿದ್ದರು. ಅವ್ವನ ಹಟಕ್ಕೆ ಶೈಲಾ ಜಗಳವಾಡಿ ಪೂರಾ ಹೆಸರು ಹಾಕಿಸಿಕೊಂಡಿದ್ದಳು. ಇಂಗ್ಲಿಷಿನಲ್ಲಿ ಶೈಲಜಾ ಎಂಟು ಅಕ್ಷರ, ಶ್ರೀನಿವಾಸ ಎಂಟು, ಕುಲಕರ್ಣಿ ಎಂಟು, ನಡುವೆ ಎರಡು ಖಾಲಿ ಜಾಗ. ಒಟ್ಟು ಇಪ್ಪತ್ತಾರು ಮನೆ.

ಡಗ್ ಒಳ್ಳೆಯವನು. ತನ್ನ ಹೆಸರು ಅಳಿಸಿ ಆ ಜಾಗ ತೆಗೆದುಕೋ ಎಂದ.

"ನಾಲ್ಕ ಅಕ್ಷರದೊಳಗ ನಮ್ಮ ಪೈಕಿ ಯಾರೂ ಹಿಡಸೂದಿಲ್ಲ," ಎಂದು ಶೈಲಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಅವನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದಳು.

ಶುಕ್ರವಾರ ಬೆಳಗ್ಗೆಯಿಂದ ಅವಳು ಆ ಮೂವತ್ತು ಮನೆಗಳನ್ನು ಕೊರೆಯುತ್ತ ಕೂತಳು. ಇಪ್ಪತ್ತೇಳಾಯಿತು. ಇಪ್ಪತ್ತೆರಡಾಯಿತು. ಊಟದ ಹೊತ್ತಿಗೆ ಹದಿನೆಂಟು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಏನೂ ತಿಳಿಯದೆ ಕೂತಿದ್ದೆ. ಅವಳು ಪೆನ್ಸಿಲ್ಲು ಕೆಳಗಿಟ್ಟಳು.

"ಎಂಟ ಮನಿ ಉಳೀತಣ್ಣಾ. ಮೂರರಾಗ ಒಂದ ಹೆಸರು."

"ನಾ ಸುಮ್ಮನ ಬಾಯಿ ಮುಚ್ಚಿಕೊಂಡಿದ್ರ ಮೂರೂ ಇರ್ತಿದ್ವು."

"ಇರ್ತಿದ್ವು. ಕೆಟ್ಟ ಕೆಲಸದ ಕೆಳಗ ಇರ್ತಿದ್ವು," ಎಂದಳು. ಆಮೇಲೆ, "ಕುಲಕರ್ಣಿ ಅಂತ ಹಾಕಿಬಿಡ್ತೀನಿ. ಅತ್ತಿ ಮನಿಯವ್ರಿಗೂ ಸಮಾಧಾನ, ಅವ್ವಗೂ ಸಮಾಧಾನ. ಇಲ್ಲಾ ಇವರ ಹೆಸರ ಹಾಕಲೇನ? ಫ್ಯಾಕ್ಟರಿ ತುಂಬ ಹೇಳ್ಯಾರ. ನೀ ಹೇಳು, ಅವ್ವ ನಿನ್ನ ಅದಕ್ಕ ಅಲ್ಲೇನ ಕಳಿಸಿದ್ದು?" ಎಂದಳು.

ನಿಜ, ಅದಕ್ಕೇ ಕಳಿಸಿದ್ದು. ಗಂಡನ ಹೆಸರು ಬಿಡಬೇಡ, ಅಡ್ಡಹೆಸರು ಬಿಡಬೇಡ. ಅವ್ವನ ಮಾತಿನಲ್ಲಿ ಬಿಡಬಹುದಾದ ಹೆಸರು ಇದ್ದದ್ದು ಒಂದೇ, ಅದು ಶೈಲಜಾ. ಆ ಹೆಸರಿನವಳು ನನ್ನೆದುರು ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೂತಿದ್ದಳು.

"ಬರದಾಕಿ ಯಾರು?" ಎಂದು ಕೇಳಿದೆ.

"ನಾನು."

"ಮತ್ತ ನನ್ನೇನ ಕೇಳ್ತಿ? ನಿನ್ನ ಹೆಸರ ಹಾಕು."

"ಅವ್ವಗ?"

"ಅವ್ವಗ ನಾ ಹೇಳ್ತೀನಿ," ಎಂದೆ. ಹೇಗೆ ಹೇಳುವುದೆಂದು ನನಗೂ ಗೊತ್ತಿರಲಿಲ್ಲ.

ಅವಳು ಎಂಟು ಗುಂಡಿ ಒತ್ತಿದಳು. ಸಂಜೆಗೆ ಮುಂಚೆ ಆಟ ಹೊರಟುಹೋಯಿತು. ಹೋಗುವ ಮುನ್ನ ಡಗ್, ಲಿನ್, ಮೈಕ್ ಮೂವರೂ ಸರದಿಯಂತೆ ಗುಡಿ ಸುತ್ತಿದರು. ಲೆಕ್ಕ ತಪ್ಪಬಾರದೆಂದು ನಾನು ಬೆರಳು ಮಡಚುತ್ತ ನಿಂತಿದ್ದೆ. ಮೈಕ್ ನಲವತ್ತರವರೆಗೆ ಹೋದ. ನಾಯಕ ಪ್ರತಿ ಸಲವೂ ಹೊರಗೆ ಬಂದ.

ಬೇಸ್‌ಮೆಂಟು

ಫೋಟೋ ತೆಗೆಯುವುದು ಆಟ ಮಾಡುವುದಕ್ಕಿಂತ ಕಷ್ಟವಾಯಿತು. ಡಗ್ ಒಂದು ಪ್ರತಿಯನ್ನು ಮನೆಗೆ ಕೊಟ್ಟು, ಸೀದಾ ಕೊನೆಗೆ ಹಾರುವ ಗುಟ್ಟನ್ನೂ ಹೇಳಿಕೊಟ್ಟಿದ್ದ. ಮೊದಲ ರೀಲು ತೊಳೆಸಿ ತಂದರೆ ಮೂವತ್ತಾರು ಫೋಟೋದಲ್ಲೂ ಟೀವಿಯ ನಡುವೆ ಫ್ಲ್ಯಾಶಿನ ಬೆಳ್ಳನೆಯ ಗೋಲಿ. ಎರಡನೆಯ ಸಲ ಫ್ಲ್ಯಾಶು ಆರಿಸಿ, ಬೇಸ್‌ಮೆಂಟಿನ ಸಣ್ಣ ಕಿಟಕಿಗೆ ಶ್ರೀನಿವಾಸರಾಯರು ರಗ್ಗು ಹಿಡಿದು ನಿಂತರು. ರಾಯರಿಗೆ ಹೆಸರು ಕಂಡದ್ದು ಆಗಲೇ. ಅವರು ರಗ್ಗಿನ ಹಿಂದಿನಿಂದ ಇಣುಕಿ ಓದಿದರು.

"ಅಣ್ಣಾವ್ರ, ನಾ ಎಲ್ಲೀ ಹೋದ್ನಿ?"

ಶೈಲಾ ಎಲ್ಲವನ್ನೂ ಹೇಳಿದಳು. ರಾಯರು ಕೇಳಿಸಿಕೊಂಡರು. ರಗ್ಗು ಹಿಡಿದ ಕೈ ಇಳಿಸಲಿಲ್ಲ.

"ಇರ್ಲಿ ಬಿಡು. ಟೀವಿಯೊಳಗಿರೂದು ನನ್ನ ಹೆಂಡ್ತಿ ಅಂತ ಹೇಳಿದ್ರಾತು. ಅದು ಇನ್ನೂ ಜೋರ ಕೇಳಸ್ತದ. ಲಗೂ ಹೊಡೀರಿ, ಕೈ ನೋಯ್ತದ," ಎಂದರು.

ಆ ರೀಲಿನಲ್ಲಿ ಒಂದು ಫೋಟೋ ಸರಿಬಂತು.

ಧಾರವಾಡ

ಮನೆಗೆ ಬಂದ ದಿನ ಅವ್ವ ನೀರು ಕೊಟ್ಟವಳೇ ಕೈಚಾಚಿದಳು. ನಾನು ಮೊದಲು ಚಾಕಲೇಟು ಕೊಟ್ಟೆ, ಸ್ವೆಟರು ಕೊಟ್ಟೆ, ಜಲಪಾತದ ಫೋಟೋ ಕೊಟ್ಟೆ. ಅವನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಕೈಚಾಚಿದಳು. ಕೊನೆಗೆ ಆ ಫೋಟೋ ಕೊಡಲೇಬೇಕಾಯಿತು.

ಅವ್ವನಿಗೆ ಇಂಗ್ಲಿಷು ಬಾರದು. ಆದರೆ ಕಣ್ಣು ಚುರುಕು. ಕನ್ನಡಕ ಏರಿಸಿ, ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇದೇನು, ಇಷ್ಟ ಗಿಡ್ಡ ಅದ?"

ನಾನು ಚಿಪ್ಪು, ಮನೆ, ಪರದೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಪ್ಪಿಸಿದೆ. ಆಕೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಆ ಆಟ ಬರದಾಕಿ ಅಕಿ ಒಬ್ಬಾಕೀನ, ಅವ್ವಾ. ನಾ ಕಣ್ಣಾರೆ ನೋಡೇನಿ. ನಾವು ತಿಳ್ಕೊಂಡಂಗಲ್ಲ ಅಕಿ ಕೆಲಸ," ಎಂದೆ. "ಒಂದ ಹೆಸರಿಗೆ ಜಾಗಾ ಇತ್ತು. ಗಂಡಂದು ಹೋತು, ಅಡ್ಡಹೆಸರೂ ಹೋತು. ನಾನ ಬಿಡು ಅಂದೆ. ಬೈಯೂದಿದ್ರ ನನಗ ಬೈ."

"ಯಾವ ಹೆಸರು ಉಳೀತು?"

"ಶೈಲಜಾ."

ಅವ್ವ ಬೈಯಲಿಲ್ಲ. ಫೋಟೋವನ್ನು ಸೆರಗಿನಿಂದ ಒರೆಸಿ, ಆ ಎಂಟು ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಇದು ನಾ ಇಟ್ಟ ಹೆಸರು," ಎಂದಳು. "ನಿಮ್ಮಪ್ಪಗ ಸೇರಿರಲಿಲ್ಲ."